ವಂಶವಾಹಿ ಅಂದರೆ ವಂಶದ್ದಲ್ಲ, ದೊಡ್ಡಪ್ಪ

ದೊಡ್ಡಪ್ಪ ರಾತ್ರಿ ಒಂಬತ್ತರ ಮೇಲೆ ಫೋನ್ ಮುಟ್ಟುವವರಲ್ಲ. ಅವತ್ತು ಹತ್ತೂವರೆಗೆ ಮಾಡಿದರು. ಶಿವಮೊಗ್ಗದಲ್ಲಿ ಎಡಗೆನ್ನೆಯ ಒಳಗಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿ ವಾರವಾಗಿತ್ತು. ರಿಪೋರ್ಟನ್ನು ಅಣ್ಣ ಮಧ್ಯಾಹ್ನವೇ ವಾಟ್ಸಾಪ್ ಮಾಡಿದ್ದ. ಕ್ಯಾನ್ಸರ್ ಅನ್ನುವುದು ಸಂಜೆಯ ಹೊತ್ತಿಗೆ ದೊಡ್ಡಪ್ಪನಿಗೂ ಗೊತ್ತಾಗಿತ್ತು. ಅಳುತ್ತಾರೇನೋ, ಎಷ್ಟು ದಿನ ಅಂತ ಕೇಳುತ್ತಾರೇನೋ ಅಂದುಕೊಂಡು ಫೋನ್ ಎತ್ತಿದೆ.

"ಮಾರಾಯ್ತಿ, ನೀನು ಲ್ಯಾಬಲ್ಲಿ ಮಾಡೋದು ಇದೇ ಅಲ್ವಾ, ವಂಶವಾಹಿ ಅಂತ ಎಂತದೋ? ಡಾಕ್ಟ್ರೂ ಇವತ್ತು ಜೀನು, ಜೀನು ಅಂದ್ರು. ಹಾಗಾದ್ರೆ ಇದು ನಮ್ಮ ವಂಶದಲ್ಲೇ ಇದ್ದದ್ದಾ?"

"ಅಲ್ಲ ದೊಡ್ಡಪ್ಪ."

"ಬರೀ ಅಲ್ಲ ಅಂದ್ರೆ ಸಾಲ್ದು. ಸರಿಯಾಗಿ ಹೇಳು. ಹುಡುಗನ ಕಡೆಯವರು ಬರೋರಿದ್ದಾರೆ."

ಆಗ ತಿಳಿಯಿತು. ಮೊಮ್ಮಗಳ ಮದುವೆ ಮಾತುಕತೆ ನಡೆದಿತ್ತು. ತನ್ನ ಕೆನ್ನೆಗಿಂತ ಅವರಿಗೆ ಆ ಹುಡುಗಿಯ ಜಾತಕದ ಪಕ್ಕದಲ್ಲಿ ಯಾರಾದರೂ "ಮನೆತನದ ಕಾಯಿಲೆ" ಅಂತ ಬರೆದುಬಿಟ್ಟಾರು ಅನ್ನುವ ಹೆದರಿಕೆ.

ಅವರ ಹೆದರಿಕೆಯಲ್ಲಿ ಅರ್ಧ ಪಾಲು ನಮ್ಮ ಪದದ್ದೇ. ಜೀನ್‌ಗೆ ಕನ್ನಡದಲ್ಲಿ ವಂಶವಾಹಿ ಅಂದೆವು. ಮೂಗು ಅಜ್ಜನದ್ದು, ಗುಂಗುರು ಕೂದಲು ಅಮ್ಮನ ಕಡೆಯದ್ದು ಅನ್ನುವ ಮಟ್ಟಿಗೆ ಆ ಪದ ಸರಿ. ಆದರೆ ಜೀನು ವಂಶವನ್ನು ಹೊರುವುದು ಮಕ್ಕಳಾಗುವ ಹೊತ್ತಿನಲ್ಲಿ ಮಾತ್ರ. ಉಳಿದಂತೆ ದಿನದ ಇಪ್ಪತ್ನಾಲ್ಕು ಗಂಟೆಯೂ ಅದು ದಿನಗೂಲಿಯ ಹಾಗೆ ದುಡಿಯುತ್ತದೆ: ಈ ಪ್ರೋಟೀನ್ ಮಾಡು, ಅದನ್ನು ನಿಲ್ಲಿಸು, ಇದನ್ನು ಇನ್ನಷ್ಟು ಮಾಡು. ಆ ದುಡಿಮೆಗೆ ಪಠ್ಯಪುಸ್ತಕದಲ್ಲಿ ಜೀನ್ ಅಭಿವ್ಯಕ್ತಿ ಅಂತ ಹೆಸರು. (ಅಭಿವ್ಯಕ್ತಿ ಅಂದ ಕೂಡಲೇ ನಮಗೆ ಸ್ವಾತಂತ್ರ್ಯ ನೆನಪಾಗುತ್ತದೆ. ಜೀವಕೋಶಕ್ಕೆ ಆ ಸ್ವಾತಂತ್ರ್ಯ ಅತಿಯಾಗಿ ಸಿಕ್ಕರೆ ಏನಾಗುತ್ತದೆ ಅಂತ ನೋಡುವುದೇ ನನ್ನ ಹೊಟ್ಟೆಪಾಡು.)

ದೊಡ್ಡಪ್ಪ ತಾಳಮದ್ದಲೆ ಅಂದರೆ ಊಟ ಬಿಡುವವರು. ಹಾಗಾಗಿ ಅವರಿಗೆ ಅದೇ ಲೆಕ್ಕದಲ್ಲಿ ಹೇಳಿದೆ. ಪ್ರಸಂಗದ ಪುಸ್ತಕ ಎಲ್ಲ ಭಾಗವತರ ಕೈಯಲ್ಲೂ ಒಂದೇ. ಆದರೆ ಇವತ್ತು ಯಾವ ಪದ್ಯ ಹಾಡುತ್ತಾರೆ, ಯಾವುದನ್ನು ಹಾರಿಸುತ್ತಾರೆ, ಯಾವುದನ್ನು ಎರಡೆರಡು ಸಲ ಎತ್ತುತ್ತಾರೆ ಅನ್ನುವುದರ ಮೇಲೆ ಆಟ ಬೇರೆಯಾಗುತ್ತದೆ. ನಿಮ್ಮ ಹಿಮ್ಮಡಿಯ ಕೋಶದಲ್ಲೂ ಕೆನ್ನೆಯ ಕೋಶದಲ್ಲೂ ಅದೇ ಸುಮಾರು 20,000 ಜೀನುಗಳ ಪುಸ್ತಕ. ಹಾಡುವುದು ಬೇರೆ ಬೇರೆ. ಕ್ಯಾನ್ಸರಿನಲ್ಲಿ ಆ ಕೆನ್ನೆಯ ಚೂರಿನಲ್ಲಿ ಮಾತ್ರ ಪುಸ್ತಕದ ಕೆಲವು ಹಾಳೆ ಹರಿದಿವೆ, ಹಾಡು ದಾರಿ ತಪ್ಪಿದೆ. ಮೊಮ್ಮಗಳ ಕೈಯಲ್ಲಿರುವ ಪುಸ್ತಕಕ್ಕೂ ಇದಕ್ಕೂ ಸಂಬಂಧವಿಲ್ಲ.

"ಹಾಗೆ ಹರಿದದ್ದು ಯಾರು?" ಅಂತ ಕೇಳಿದರು.

ಉತ್ತರ ನನಗೆ ಗೊತ್ತಿತ್ತು. ಅವತ್ತು ಹೇಳಲಿಲ್ಲ.

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರುಗಳಲ್ಲಿ ಹುಟ್ಟಿನಿಂದ ಬರುವಂಥವು ಇಲ್ಲವೆಂದಲ್ಲ. ಫ್ಯಾಂಕೋನಿ ಅನೀಮಿಯಾ ಅನ್ನುವ ಅಪರೂಪದ ಆನುವಂಶಿಕ ಕಾಯಿಲೆ ಇದ್ದವರಿಗೆ ಚಿಕ್ಕ ವಯಸ್ಸಿನಲ್ಲೇ ಬಾಯಿ ಕ್ಯಾನ್ಸರ್ ಬರುವ ಅಪಾಯ ಬಹಳ ಹೆಚ್ಚು. ಆದರೆ ನಮ್ಮ ಕಡೆಯ ಬಾಯಿ ಕ್ಯಾನ್ಸರಿನ ಬಹುಪಾಲು ಬದುಕಿನ ನಡುವೆ ಗಳಿಸಿಕೊಂಡದ್ದು.

ನನ್ನ ಕೆಲಸದ ಬಗ್ಗೆ ಸ್ವಲ್ಪ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಗಡ್ಡೆಯ ಚೂರುಗಳಿಂದ ಆರ್‌ಎನ್‌ಎ ತೆಗೆಯುವುದು ನನ್ನ ಪಾಲಿಗೆ ಬಂದದ್ದು. ಜೀನು ಹಾಡಿದ್ದರ ಗುರುತು ಆರ್‌ಎನ್‌ಎ. ಡಿಎನ್‌ಎ ಗಟ್ಟಿಪಿಂಡ, ಸಾವಿರಾರು ವರ್ಷದ ಮೂಳೆಯಲ್ಲೂ ಸಿಗುತ್ತದೆ. ಆರ್‌ಎನ್‌ಎ ಹಾಗಲ್ಲ, ಅದನ್ನು ತಿಂದುಹಾಕುವ ಕಿಣ್ವ ನಮ್ಮ ಬೆರಳ ತುದಿಯಲ್ಲೇ ಇರುತ್ತದೆ, ಎಂಜಲಿನಲ್ಲಂತೂ ತುಂಬಿದೆ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಥರ್ಮಾಸ್‌ನಂಥ ಪಾತ್ರೆಯಲ್ಲಿ ದ್ರವ ಸಾರಜನಕ ಹಿಡಿದು ನಿಂತಿರುತ್ತೇನೆ. ನರ್ಸ್ ಕೊಡುವ ಕಾಳುಮೆಣಸಿನ ಗಾತ್ರದ ಚೂರನ್ನು ಪುಟ್ಟ ಟ್ಯೂಬಿಗೆ ಹಾಕಿ ಮುಳುಗಿಸಿದರೆ ಚುರ್ ಅನ್ನುತ್ತದೆ. ಮೈನಸ್ 196 ಡಿಗ್ರಿ. ಅಲ್ಲಿಂದ ಮೈನಸ್ 80ರ ಫ್ರೀಜರಿಗೆ.

ಮೊದಲು ನಾನಿದ್ದ ಇನ್ನೊಂದು ಲ್ಯಾಬಿನಲ್ಲಿ ಒಂದು ಶನಿವಾರ ಕರೆಂಟು ಹೋಗಿ, ಜನರೇಟರಿಗೆ ಡೀಸೆಲ್ ಹಾಕಿಸಲು ಯಾರಿಗೂ ನೆನಪಾಗದೆ, ಸೋಮವಾರ ಬೆಳಗ್ಗೆ ಫ್ರೀಜರ್ ಬಾಗಿಲ ಕೆಳಗೆ ನೀರು ನಿಂತಿತ್ತು. ಎರಡು ವರ್ಷದ ಚೂರುಗಳು. ಅದರೊಳಗೆ ತೀರಿಕೊಂಡವರವೂ ಇದ್ದವು. ಅವತ್ತು ಯಾರೂ ಯಾರನ್ನೂ ಬೈಯಲಿಲ್ಲ, ಅದೇ ಹೆಚ್ಚು ಭಯವಾಗುವ ಹಾಗಿತ್ತು.

ಆರ್‌ಎನ್‌ಎ ಸಿಕ್ಕ ಮೇಲೆ ಅಳೆಯುವುದು ಹೇಗೆ ಅಂತ ಈಗ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಕೊರೊನಾ ಕಾಲದಲ್ಲಿ ಊರಿಗೆ ಊರೇ "ನಿಂದು ಸಿಟಿ ಎಷ್ಟು?" ಅಂತ ಕೇಳಿಕೊಳ್ಳುತ್ತಿತ್ತಲ್ಲ, ಅದೇ ಆರ್‌ಟಿ-ಪಿಸಿಆರ್, ಅದೇ ಯಂತ್ರ. ಅಲ್ಲಿ ವೈರಸ್ಸಿನ ಆರ್‌ಎನ್‌ಎ ಹುಡುಕಿದರು, ಇಲ್ಲಿ ನಮ್ಮದೇ ಜೀನಿನದು ಹುಡುಕುತ್ತೇವೆ. ಪ್ರತಿ ಸುತ್ತಿಗೂ ನಕಲು ಇಮ್ಮಡಿಯಾಗುತ್ತದೆ. ಬೇಗ ಕಾಣಿಸಿಕೊಂಡರೆ ಮೊದಲೇ ಹೆಚ್ಚಿತ್ತು ಅಂತ. ಮೂರು ಸುತ್ತಿನ ಅಂತರ ಅಂದರೆ ಎಂಟು ಪಟ್ಟು. ಈಗ ಒಂದೊಂದೇ ಜೀನು ನೋಡುವ ಬದಲು ಇಪ್ಪತ್ತು ಸಾವಿರವನ್ನೂ ಒಟ್ಟಿಗೆ ಓದುವ ಸೀಕ್ವೆನ್ಸಿಂಗ್ ಇದೆ. ಆದರೂ ನನಗೆ ಆ ಪಿಸಿಆರ್ ಪರದೆಯ ಮೇಲೆ ಗೆರೆ ಮೇಲೇಳುವುದನ್ನು ನೋಡುವುದೇ ಇಷ್ಟ. ಹಾಲು ಉಕ್ಕುವುದನ್ನು ಕಾಯ್ದ ಹಾಗೆ.

ಆಮೇಲಿನ ಮಾತು ಕೆನ್ನೆಯದು. ಆರೋಗ್ಯವಾಗಿರುವ ಕೆನ್ನೆಯ ಒಳಪೊರೆ ಮೆತ್ತಗೆ ಇರುವುದಕ್ಕೆ ಒಂದು ಕಾರಣ ಅಲ್ಲಿ ಕೆರಾಟಿನ್ 4 ಮತ್ತು ಕೆರಾಟಿನ್ 13 ಅನ್ನುವ ಜೋಡಿ ಜೀನುಗಳು ಜೋರಾಗಿ ದುಡಿಯುವುದು. ಹಿಮ್ಮಡಿಯಲ್ಲಿ ಬೇರೆ ಕೆರಾಟಿನ್‌ಗಳು, ಗಡುಸಾದವು. ನಲವತ್ತು ವರ್ಷ ಒಂದೇ ಕೆನ್ನೆಯ ಸಂದಿಯಲ್ಲಿ ಕವಳ (ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು) ಒತ್ತಿಟ್ಟರೆ ಆ ಜಾಗದಲ್ಲಿ 4 ಮತ್ತು 13ರ ದನಿ ಕುಗ್ಗುತ್ತಾ ಬರುತ್ತದೆ. ಕೆರಾಟಿನ್ 17ರಂಥವು ಏಳುತ್ತವೆ. ಹಾರೆ ಹಿಡಿದ ಅಂಗೈ ಜಡ್ಡುಗಟ್ಟುವ ಹಾಗೆ ಕೆನ್ನೆಯ ಮೇಲೆ ಬಿಳಿ ತೇಪೆ ಬರುತ್ತದೆ. ದೊಡ್ಡಪ್ಪನ ಆ ಬಿಳಿ ತೇಪೆಯನ್ನು ಐದು ವರ್ಷದ ಹಿಂದೆಯೇ ತೀರ್ಥಹಳ್ಳಿಯಲ್ಲಿ ಹಲ್ಲಿನ ಡಾಕ್ಟರು ತೋರಿಸಿದ್ದರಂತೆ. "ಸುಣ್ಣ ಜಾಸ್ತಿಯಾಗಿರ್ಬೇಕು" ಅಂತ ದೊಡ್ಡಪ್ಪ ಸುಣ್ಣ ಕಡಿಮೆ ಮಾಡಿದರು. ಹೊಗೆಸೊಪ್ಪು ಬಿಡಲಿಲ್ಲ.

ಅದಕ್ಕೂ ಮೊದಲು ಕಂಡುಹಿಡಿದವರು ದೊಡ್ಡಮ್ಮ. ಉಪ್ಪಿನಕಾಯಿ ಮುಟ್ಟದೆ ಊಟ ಮುಗಿಸದ ಮನುಷ್ಯ ಮಜ್ಜಿಗೆ ಅನ್ನಕ್ಕೆ ಇಳಿದಿದ್ದರು. ಖಾರ ಸೋಕಿದರೆ ಬಾಯಿ ಉರಿ. ಕಡುಬನ್ನು ಮುರಿಯದೆ ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಬೆರಳಲ್ಲಿ ಚೂರು ಮಾಡಿ ತುರುಕಿಕೊಳ್ಳತೊಡಗಿದ್ದರು. ಮೂರು ಬೆರಳು ಲಂಬವಾಗಿ ಹಿಡಿಸಬೇಕಾದ ಬಾಯಲ್ಲಿ ಎರಡೂ ಸರಿಯಾಗಿ ಹೋಗುತ್ತಿರಲಿಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್, ಬಾಯಿಯ ಒಳಪೊರೆಯ ಕೆಳಗೆ ನಾರುಗಟ್ಟಿ ಬಿಗಿಯುವ ಕಾಯಿಲೆ. ಇದು ಹೊಗೆಸೊಪ್ಪಿನ ಕೆಲಸವಲ್ಲ, ಅಡಿಕೆಯದ್ದು.

ಇಲ್ಲಿ ಬರೆಯುವ ಕೈ ತಡೆಯುತ್ತದೆ. ನನ್ನ ಎಂ.ಎಸ್ಸಿ. ಫೀಸು ಕಟ್ಟಿದ್ದು ರಾಶಿ ಅಡಿಕೆ ಮಾರಿದ ದುಡ್ಡು. ಸುಲಿಯುವ ರಾತ್ರಿಗಳ ಮಾತು, ಬೇಯಿಸುವ ಹಂಡೆಯ ಚೊಗರಿನ ವಾಸನೆ ಬಿಟ್ಟು ನನಗೆ ಬಾಲ್ಯವೇ ಇಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಊರಲ್ಲಿ ಈ ಮಾತೆತ್ತಿದರೆ "ಅಜ್ಜ ತೊಂಬತ್ತು ವರ್ಷ ಕವಳ ಹಾಕಿ ಬದುಕಿರಲಿಲ್ಲವಾ" ಅನ್ನುತ್ತಾರೆ. ಬದುಕಿದ್ದರು, ಸುಳ್ಳಲ್ಲ. ಎರ್ನಾಕುಲಂ ಜಿಲ್ಲೆಯಲ್ಲಿ ಈ ಫೈಬ್ರೋಸಿಸ್ ಇದ್ದವರನ್ನು 17 ವರ್ಷ ಹಿಂಬಾಲಿಸಿ ನೋಡಿದಾಗ ಶೇ. 7.6 ಮಂದಿಗೆ ಕ್ಯಾನ್ಸರ್ ಆಗಿತ್ತು. ಅಂದರೆ ಉಳಿದ ತೊಂಬತ್ತೆರಡು ಮಂದಿ ಆ ಅಜ್ಜನ ಸಾಲಿನವರು. ಕಟ್ಟೆ ಮೇಲೆ ಕೂತು ಕಥೆ ಹೇಳಲು ಉಳಿಯುವವರೂ ಅವರೇ.

ಕೆಲಸ ನಡೆಯುವ ರೀತಿ ನೋಡಿದರೆ ಅಡಿಕೆ ಎಷ್ಟು ನಾಜೂಕಿನದು ಅಂತ ತಿಳಿಯುತ್ತದೆ. ಅದರಲ್ಲಿರುವ ಅರೆಕೋಲಿನ್ ಪೊರೆಯ ಕೆಳಗಿನ ನಾರು ಮಾಡುವ ಕೋಶಗಳನ್ನು ಎಬ್ಬಿಸುತ್ತದೆ. ಟಿಜಿಎಫ್-ಬೀಟಾ ಅನ್ನುವ ಸಂಕೇತ ಏರುತ್ತದೆ, ಅದರ ಮಾತಿಗೆ ಕೊಲಾಜೆನ್ ಅನ್ನುವ ನಾರಿನ ಪ್ರೋಟೀನಿನ ಜೀನುಗಳು ಹೆಚ್ಚು ದುಡಿಯುತ್ತವೆ, ಹಳೆಯ ಕೊಲಾಜೆನ್ ಕತ್ತರಿಸಿ ತೆಗೆಯುವ ಕೆಲಸ ಸೊರಗುತ್ತದೆ. ಮೇಲಿಂದ ಲೈಸಿಲ್ ಆಕ್ಸಿಡೇಸ್ ಅನ್ನುವ ಕಿಣ್ವದ ಜೀನೂ ಏರುತ್ತದೆ. ಇದು ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಹೆಣೆದು ಗಂಟು ಹಾಕುವಂಥದ್ದು, ಅದಕ್ಕೆ ತಾಮ್ರ ಬೇಕು. ಅಡಿಕೆಯಲ್ಲಿ ತಾಮ್ರ ಧಾರಾಳ. (ತಾಮ್ರ ಅಂದ ಕೂಡಲೇ ನಮ್ಮವರಿಗೆ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಕಾಯೊಳಗೇ ಇರುವುದರ ಮಾತು.) ಕೆನ್ನೆ ಒಳಗಿಂದ ಹಗ್ಗ ಬಿಗಿದ ಹಾಗಾಗುತ್ತದೆ. ಬೆರಳಿಟ್ಟು ನೋಡಿದರೆ ಪಟ್ಟಿ ಪಟ್ಟಿ ಸಿಗುತ್ತದೆ. ಡಿಎನ್‌ಎಯ ಒಂದಕ್ಷರ ಬದಲಾಗದೆಯೂ, ಬರೀ ಹಾಡುವ ಜೋರು ಬದಲಾಗಿ, ಒಬ್ಬ ಮನುಷ್ಯ ಆಕಳಿಸಲು ಆಗದ ಸ್ಥಿತಿಗೆ ಬರುತ್ತಾನೆ. ಪುಸ್ತಕದ ಹಾಳೆ ಹರಿಯುವುದು ಆಮೇಲೆ, ಕ್ಯಾನ್ಸರ್ ತರುವ ರಾಸಾಯನಿಕಗಳಾದ ಹೊಗೆಸೊಪ್ಪಿನ ನೈಟ್ರೋಸಮೀನ್‌ಗಳ ಕೈಯಲ್ಲೂ ಅಡಿಕೆಯದೇ ನೈಟ್ರೋಸಮೀನ್‌ಗಳ ಕೈಯಲ್ಲೂ.

2022ರ ಒಂದು ವರ್ಷದಲ್ಲೇ ಭಾರತದಲ್ಲಿ ಸುಮಾರು 83,000 ಬಾಯಿ ಕ್ಯಾನ್ಸರುಗಳಿಗೆ ಜಗಿಯುವ ತಂಬಾಕು ಅಥವಾ ಅಡಿಕೆ ಕಾರಣ ಅಂತ ಅದೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಅಂದಾಜು. ಲೋಕದ ಒಟ್ಟು 1,20,000ದಲ್ಲಿ ಮೂರನೆಯ ಎರಡು ಪಾಲು ನಮ್ಮದು.

ನಮ್ಮ ಲ್ಯಾಬಿನ ನಿತ್ಯದ ಜಗಳ ಒಂದಿದೆ. ಗಡ್ಡೆಯಲ್ಲಿ ಜೀನು ಏರಿದೆ ಅಂದರೆ ಯಾವುದಕ್ಕಿಂತ? ಅದೇ ರೋಗಿಯ "ಆರೋಗ್ಯದ" ಕೆನ್ನೆಯಿಂದ ಇನ್ನೊಂದು ಚೂರು ತೆಗೆದು ಹೋಲಿಸುತ್ತೇವೆ. ಆದರೆ ಆ ಕೆನ್ನೆಯೂ ನಲವತ್ತು ವರ್ಷ ಅದೇ ರಸದಲ್ಲಿ ನೆಂದದ್ದು. 1953ರಲ್ಲೇ ಅಮೆರಿಕದ ಸ್ಲಾಟರ್ ಮತ್ತು ಸಂಗಡಿಗರು 783 ಬಾಯಿ ಕ್ಯಾನ್ಸರ್ ರೋಗಿಗಳ ಅಂಗಾಂಶ ನೋಡಿ, ಗಡ್ಡೆಯ ಸುತ್ತ ಕಣ್ಣಿಗೆ ಚೆನ್ನಾಗಿ ಕಾಣುವ ಜಾಗವೂ ಸೂಕ್ಷ್ಮದರ್ಶಕದಲ್ಲಿ ಕೆಟ್ಟಿದೆ, ಇಡೀ ಹೊಲವೇ ಕ್ಯಾನ್ಸರಿಗೆ ಹದವಾಗಿರುತ್ತದೆ ಅಂದಿದ್ದರು. ಹೊಲ ಅನ್ನುವ ಪದ ಅವರದ್ದೇ. ಒಂದು ಮರಕ್ಕೆ ಕೊಳೆ ಬಂದರೆ ಪಕ್ಕದ ಮರ ಚೆನ್ನಾಗಿ ಕಂಡರೂ ನಂಬುವ ಹಾಗಿಲ್ಲ ಅನ್ನುವುದು ತೋಟದವರಿಗೆ ಯಾರೂ ಕಲಿಸಬೇಕಿಲ್ಲ. ನಾವು ಮಾತ್ರ ಆ ಪಕ್ಕದ ಮರವನ್ನೇ ಅಳತೆಗೋಲು ಮಾಡಿಕೊಂಡು ಪ್ರಬಂಧ ಬರೆಯುತ್ತೇವೆ.

ಅಳತೆಗೋಲಿನ ಮಾತು ಬಂದದ್ದಕ್ಕೆ ಇನ್ನೊಂದು. ಬೆಂಗಳೂರಿಗೆ ಕರೆತಂದ ಮೇಲೆ ದೊಡ್ಡಪ್ಪನ ರಿಪೋರ್ಟಿನಲ್ಲಿ "ಪಿ16 ನೆಗೆಟಿವ್" ಅಂತಲೂ ಇತ್ತು. ನೆಗೆಟಿವ್ ಅಂದರೆ ಒಳ್ಳೆಯದು ಅಂತ ಕೊರೊನಾ ಕಲಿಸಿತ್ತಲ್ಲ, ಮನೆಯವರೆಲ್ಲ ಸಮಾಧಾನಪಟ್ಟರು. ಅಣ್ಣ ಗೂಗಲ್ ಮಾಡಿ ನೋಡಿ, ಪಿ16 ಪಾಸಿಟಿವ್ ಇದ್ದವರೇ ಹೆಚ್ಚು ಬದುಕುತ್ತಾರೆ ಅಂತ ಓದಿ ಮುಖ ಸಣ್ಣದು ಮಾಡಿಕೊಂಡ. ಇಬ್ಬರೂ ತಪ್ಪು.

ಪಿ16 ಅನ್ನುವುದು ಕೋಶ ಒಂದು ಎರಡಾಗಿ ಒಡೆಯುವುದಕ್ಕೆ ತಡೆ ಹಾಕುವ ಪ್ರೋಟೀನ್. ಹೊಗೆಸೊಪ್ಪಿನ ಕ್ಯಾನ್ಸರುಗಳಲ್ಲಿ ಆ ಜೀನು ಹೆಚ್ಚಾಗಿ ಕಳೆದುಹೋಗಿರುತ್ತದೆ ಅಥವಾ ಬಾಯಿ ಮುಚ್ಚಿಸಿಕೊಂಡಿರುತ್ತದೆ. ಅಮೆರಿಕ, ಯುರೋಪಿನಲ್ಲಿ ಗಂಟಲ ಹಿಂಭಾಗದಲ್ಲಿ, ಟಾನ್ಸಿಲ್‌ನಲ್ಲಿ, ಎಚ್‌ಪಿವಿ ವೈರಸ್ಸಿನಿಂದ ಬರುವ ಕ್ಯಾನ್ಸರ್ ಹೆಚ್ಚು. ಆ ವೈರಸ್ಸು ಆರ್‌ಬಿ ಅನ್ನುವ ಇನ್ನೊಂದು ಕಾವಲುಗಾರನನ್ನು ಕೆಡವುತ್ತದೆ. ಆಗ ಪಿ16 "ನಿಲ್ಲಿಸು, ನಿಲ್ಲಿಸು" ಅಂತ ಕೂಗಿಕೊಳ್ಳುತ್ತಲೇ ಇರುತ್ತದೆ, ಕೇಳುವವರು ಇರುವುದಿಲ್ಲ. ಸ್ಲೈಡಿನ ಮೇಲೆ ಆ ಕೂಗು ದಟ್ಟ ಕಂದು ಬಣ್ಣವಾಗಿ ಕಾಣುತ್ತದೆ, ಶೇ. 70 ಅಥವಾ ಅದಕ್ಕಿಂತ ಹೆಚ್ಚು ಕೋಶ ಕಂದಾದರೆ ಪಾಸಿಟಿವ್. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಅಂಥ ಗಂಟಲ ಕ್ಯಾನ್ಸರಿನವರಲ್ಲಿ ಎಚ್‌ಪಿವಿ ಇದ್ದವರು ಮೂರು ವರ್ಷಕ್ಕೆ ಶೇ. 82.4 ಬದುಕಿದ್ದರು, ಇಲ್ಲದವರು ಶೇ. 57.1. ಈಗ ಎರಡಕ್ಕೂ ಹಂತ ಗುರುತಿಸುವ ಲೆಕ್ಕವೇ ಬೇರೆ ಬೇರೆ. ಆದರೆ ಇದೆಲ್ಲ ಗಂಟಲಿನ ಕಥೆ. ಕೆನ್ನೆಯ ಕ್ಯಾನ್ಸರಿಗೆ ಪಿ16 ನೋಡಿ ಭವಿಷ್ಯ ಹೇಳುವುದು ಕಾಫಿಯ ಬೆಲೆ ನೋಡಿ ಅಡಿಕೆ ಮಾರಿದ ಹಾಗೆ.

ಇದು ನನ್ನ ಬಹುಕಾಲದ ತಕರಾರು. ತಲೆ-ಕುತ್ತಿಗೆ ಅಂತ ಒಂದೇ ಚೀಲಕ್ಕೆ ನಾಲಿಗೆ, ಕೆನ್ನೆ, ಟಾನ್ಸಿಲ್, ಧ್ವನಿಪೆಟ್ಟಿಗೆ ಎಲ್ಲವನ್ನೂ ತುಂಬುತ್ತಾರೆ. 2015ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ 279 ಗಡ್ಡೆಗಳನ್ನು ಓದಿ ಪ್ರಕಟಿಸಿತು. ದೊಡ್ಡ ಕೆಲಸ, ನಾನೂ ದಿನಾ ಅದರ ದತ್ತಾಂಶ ಬಳಸುತ್ತೇನೆ. ಅದು ಬಳಸಿದ್ದು ಅದಕ್ಕಿಂತ ಮೊದಲೇ ಗುರುತಿಸಿದ್ದ ನಾಲ್ಕು ಗುಂಪು: ಬೇಸಲ್, ಮೆಸೆಂಕೈಮಲ್, ಕ್ಲಾಸಿಕಲ್, ಮತ್ತು ಎಟಿಪಿಕಲ್. ಜೀನುಗಳ ದನಿ ನೋಡಿ ಮಾಡಿದ ಗುಂಪುಗಳು. ಅಲ್ಲಿಯ ರೋಗಿಗಳಲ್ಲಿ ಹೆಚ್ಚಿನವರು ಸೇದುವವರು, ಕುಡಿಯುವವರು. ನಮ್ಮ ಕಡೆಯ ವಸಡು-ಕೆನ್ನೆ ಸಂದಿಯ ಕ್ಯಾನ್ಸರನ್ನೇ ಹಿಡಿದು ಪಶ್ಚಿಮ ಬಂಗಾಳದ ಕಲ್ಯಾಣಿಯ ರಾಷ್ಟ್ರೀಯ ಜೈವಿಕವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ನವಿ ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆ್ಯಕ್ಟ್ರೆಕ್ ಸೇರಿ 2013ರಲ್ಲಿ ಪ್ರಕಟಿಸಿದಾಗ, ಎಲ್ಲೆಡೆಯೂ ಹಾಳೆ ಹರಿದು ಸಿಗುವ ಟಿಪಿ53 ಜೀನಿನ ಜೊತೆಗೆ ಯುಎಸ್‌ಪಿ9ಎಕ್ಸ್, ಎಂಎಲ್‌ಎಲ್4, ಎಆರ್‌ಐಡಿ2 ಅಂತ ಬೇರೆ ಹೆಸರುಗಳೂ ಬಂದವು. ಇವುಗಳಲ್ಲಿ ಎಂಎಲ್‌ಎಲ್4, ಎಆರ್‌ಐಡಿ2 ಬೇರೆ ಜೀನುಗಳ ಹಾಳೆ ತೆರೆಯುವ, ಮುಚ್ಚುವ ಕೆಲಸದವು. ಒಂದು ಹಾಳೆ ಹರಿದರೆ ಒಂದು ಪದ್ಯ ಹೋಗುತ್ತದೆ, ಭಾಗವತರಿಗೇ ಮೈಮೇಲೆ ಎಚ್ಚರ ತಪ್ಪಿದರೆ?

ಇಷ್ಟೆಲ್ಲ ಓದಿನಲ್ಲಿ ರೋಗಿಯ ಮಂಚದವರೆಗೆ ಬಂದದ್ದು ಕಡಿಮೆ. ಇಜಿಎಫ್‌ಆರ್ ಅನ್ನುವ ಜೀನು ಈ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಅತಿಯಾಗಿ ದುಡಿಯುತ್ತದೆ. ಅದಕ್ಕೆ ಅಡ್ಡಗಾಲು ಹಾಕುವ ಔಷಧ ಬಂತು. ಕ್ಯೂಬಾದ ಹವಾನಾದಲ್ಲಿ ಹುಟ್ಟಿದ ನಿಮೋಟುಝುಮ್ಯಾಬ್ ಅನ್ನು ಬೆಂಗಳೂರಿನ ಬಯೋಕಾನ್ 2006ರಲ್ಲಿ ಇಲ್ಲಿಯ ಮಾರುಕಟ್ಟೆಗೆ ತಂದಾಗ ನಾನಿನ್ನೂ ಹೈಸ್ಕೂಲು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 536 ರೋಗಿಗಳಲ್ಲಿ ಪರೀಕ್ಷಿಸಿ 2019ರಲ್ಲಿ ಬರೆದರು: ಕಾಯಿಲೆ ಮುಂದುವರಿಯದೆ ಇರುವ ಅವಧಿ ಹೆಚ್ಚಿತು, ಒಟ್ಟು ಆಯಸ್ಸಿನಲ್ಲಿ ಅಷ್ಟು ಖಚಿತ ಲಾಭ ಕಾಣಲಿಲ್ಲ. ವಿಚಿತ್ರ ಅಂದರೆ ಇಜಿಎಫ್‌ಆರ್ ಹೆಚ್ಚೂಕಡಿಮೆ ಎಲ್ಲರಲ್ಲೂ ಏರಿರುವುದರಿಂದ ಅದನ್ನು ಅಳೆದು ಯಾರಿಗೆ ಔಷಧ ಹಿಡಿಯುತ್ತದೆ ಅಂತ ಆರಿಸಲು ಬರುವುದಿಲ್ಲ. ಊರೆಲ್ಲ ಕೂಗುವಾಗ ಯಾರ ಕೂಗು ಅಂತ ಹೇಳುವುದು?

ಪಿಡಿ-ಎಲ್1 ಇನ್ನೊಂದು. ರೋಗನಿರೋಧಕ ಕೋಶಗಳಿಗೆ "ನಮ್ಮವನೇ, ಬಿಡು" ಅಂತ ಸುಳ್ಳು ಹೇಳುವ ಪ್ರೋಟೀನ್. ಆ ಸುಳ್ಳನ್ನು ಮುರಿಯುವ ಇಮ್ಯುನೋಥೆರಪಿಯ ಪೂರ್ತಿ ಡೋಸಿನ ಖರ್ಚು ಕೇಳಿದರೆ ತೋಟ ಮಾರಬೇಕು. ಟಾಟಾದವರೇ ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ಹಿಡಿಸಿದ್ದು: ಮರಳಿ ಬಂದ ಅಥವಾ ಮುಂದುವರಿದ ಕಾಯಿಲೆಯವರಿಗೆ ಅಗ್ಗದ ಮಾತ್ರೆಗಳ ಜೊತೆ ನಿವೋಲುಮ್ಯಾಬ್ ಅನ್ನುವ ಇಂಥದೇ ಇಮ್ಯುನೋಥೆರಪಿ ಔಷಧವನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ಅಂದರೆ ರೂಢಿಯ ಡೋಸಿನ ಹತ್ತನೆಯ ಒಂದು ಪಾಲಿಗೂ ಕಡಿಮೆ, ಕೊಟ್ಟರು. ವರ್ಷದ ಕೊನೆಗೆ ಬದುಕಿದ್ದವರು ಬರೀ ಮಾತ್ರೆ ಪಡೆದವರಲ್ಲಿ ಶೇ. 16.3, ಇದೂ ಸೇರಿದವರಲ್ಲಿ ಶೇ. 43.4. ಇಂಥದ್ದನ್ನು ಮಾಡಲು ಬಡವರ ಓಪಿಡಿಯ ಸಾಲು ನೋಡಿದವರೇ ಬೇಕು.

ದೊಡ್ಡಪ್ಪನಿಗೆ ಅದ್ಯಾವುದೂ ಬೇಕಾಗಲಿಲ್ಲ. ಆಪರೇಷನ್ ಆಯಿತು. ಕೆನ್ನೆಯ ಜೊತೆಗೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಗಡ್ಡೆಯ ಅಂಚಿನಲ್ಲಿರುವ ಕೋಶಗಳು ಒಳಪೊರೆಯ ಗುಣ ಅರ್ಧ ಬಿಟ್ಟು ಅಲೆಮಾರಿಗಳಾಗಲು ಶುರುಮಾಡಿರುತ್ತವೆ ಅನ್ನುವುದನ್ನು 2017ರಲ್ಲಿ ಒಂದೊಂದೇ ಕೋಶದ ಆರ್‌ಎನ್‌ಎ ಓದಿ ತೋರಿಸಿದ್ದಾರೆ. ಕುತ್ತಿಗೆಗೆ ಹರಡುವುದಕ್ಕೂ ಅದಕ್ಕೂ ನಂಟಿದೆ. ಹೊರಗೆ ಕೂತಾಗ ಅಣ್ಣನಿಗೆ ಇದನ್ನು ಹೇಳಿದೆ. "ಈಗ ಸುಮ್ನಿರು" ಅಂದ.

ತೆಗೆದ ಕೆನ್ನೆಯ ಜಾಗಕ್ಕೆ ಎದೆಯಿಂದ ಸ್ನಾಯುವಿನ ಸಮೇತ ಚರ್ಮ ತಂದು ಹೊಲಿದರು. ಮೂರು ವಾರಕ್ಕೆ ದೊಡ್ಡಪ್ಪ ಕನ್ನಡಿ, ಟಾರ್ಚು ಹಿಡಿದು ಕೂಗಿದರು. ಬಾಯೊಳಗೆ ಕೂದಲು ಬೆಳೆದಿತ್ತು. ಬಿಳಿ, ಗುಂಗುರು, ಎದೆಯ ಮೇಲಿನದ್ದೇ. ರೇಡಿಯೇಶನ್ ಶುರುವಾದರೆ ಉದುರುತ್ತದೆ ಅಂತ ಡಾಕ್ಟರು ನಕ್ಕು ಹೇಳಿದ್ದರು. ನನಗೆ ಮಾತ್ರ ಮೈ ಜುಮ್ಮೆಂದಿತು. ಹದಿನೈದು ವರ್ಷ ನಾನು ಓದಿದ್ದು, ಅಳೆದದ್ದು ಎಲ್ಲ ಆ ನಾಲ್ಕು ಕೂದಲಲ್ಲಿತ್ತು. ಎಂಜಲಲ್ಲಿ ನೆಂದು, ಹಲ್ಲಿನ ಪಕ್ಕ ಕೂತು, ಆ ಚರ್ಮ ತಾನಿನ್ನೂ ಎದೆ ಅಂದುಕೊಂಡೇ ಇತ್ತು. ಮೈಯ ಯಾವ ಭಾಗದಲ್ಲಿ ಹುಟ್ಟಿತು ಅನ್ನುವುದನ್ನು ಚರ್ಮದ ಕೋಶಗಳು ಹಾಕ್ಸ್ ಜೀನುಗಳಲ್ಲಿ ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಅನ್ನುವುದರಲ್ಲಿ ನೆನಪಿಟ್ಟುಕೊಳ್ಳುತ್ತವೆ. ಇದನ್ನು ಹೇಳಿದೆ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು. ಮಾತಾಡಲು ಇನ್ನೂ ಕಷ್ಟವಿತ್ತು, ತಲೆಯಾಡಿಸಿದರು.

ಬರುವುದನ್ನು ಮುಂದೂಡಿದ್ದ ಹುಡುಗನ ಕಡೆಯವರು ರೇಡಿಯೇಶನ್‌ಗೆ ಹೊರಡುವ ಹಿಂದಿನ ಭಾನುವಾರ ಬಂದರು. ಜಗುಲಿಯಲ್ಲಿ ಕಾಫಿ ಆಯಿತು, ತೋಟದ ಮಾತಾಯಿತು, ರೇಟಿನ ಮಾತಾಯಿತು. ಹುಡುಗನ ಸೋದರಮಾವ ಹರಿವಾಣ ಎಳೆದುಕೊಂಡು ಎಲೆಗೆ ಸುಣ್ಣ ಸವರುತ್ತಾ, ಬಹಳ ಮೆತ್ತಗೆ, "ಇದೆಲ್ಲ ಈಗ ಜೀನಿಂದ ಬರ್ತದೆ ಅಂತಾರಲ್ಲ, ನಿಮ್ಮ ಮನೇಲಿ ಹಿಂದೆ ಯಾರಿಗಾದ್ರೂ..." ಅಂದರು. ನಾನು ಬಾಯಿ ತೆರೆಯುವುದರೊಳಗೆ ದೊಡ್ಡಪ್ಪ ಕೈ ಎತ್ತಿ ತಡೆದರು.

"ನನ್ನ ಬಾಯೊಳಗೆ ಈಗ ಎದೆ ಕೂದಲು ಬೆಳೀತಾ ಉಂಟು ಮಾರಾಯ್ರೇ," ಅಂದರು, ಒಂದೊಂದೇ ಅಕ್ಷರ ಜೋಡಿಸಿ. "ನನ್ನ ಮೊಮ್ಮಗಳ ಬಾಯಲ್ಲೂ ಬೆಳೀಬಹುದು ಅಂತೀರಾ?"

ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಸೋದರಮಾವನ ಬಾಯಿ ತುಂಬ ಕವಳ. ಏನೋ ಹೇಳಲು ಹೋಗಿ ಆಗದೆ, ಉಗುಳಲು ಎದ್ದು ಅಂಗಳಕ್ಕೆ ಇಳಿದರು. ಅವರು ಬಾಯಿ ತೊಳೆದು ವಾಪಸು ಬರುವಷ್ಟರಲ್ಲಿ ದೊಡ್ಡಮ್ಮ ಹರಿವಾಣ ಎತ್ತಿ ಒಳಗಿಟ್ಟಿದ್ದರು.